ಐದೂವರೆಯ ಗುಡ್ಡ

ಬುಧವಾರ ಸಂಜೆ ದಾದಾಸಾಹೇಬರು ತಮ್ಮ ಹೆಂಡತಿಯನ್ನು ಐದನೆಯ ಸಲ ಹಿಡಿದರು.

ಹಿಡಿದದ್ದು ಮೊಬೈಲಿನಿಂದ. ಶಿರಗುಪ್ಪಿಯ ಪೇಟೆಯಲ್ಲಿ ಅವರದು ಗೊಬ್ಬರ, ಬೀಜದ ಅಂಗಡಿ. ಹೊತ್ತು ಮುಳುಗುವುದರೊಳಗೆ ಉಣ್ಣಬೇಕೆಂಬುದು ಜೈನರ ಮನೆಯ ನಿಯಮ, ಹಾಗಾಗಿ ಅವರ ಬುಲೆಟ್ ಗಾಡಿ ದಿನಾ ಸಂಜೆ ಐದೂವರೆಗೆ ಓಣಿಯ ಮೂಲೆ ತಿರುಗುತ್ತಿತ್ತು. ಈಗ ಹತ್ತು ದಿನದಿಂದ ಅವರು ಚಪ್ಪಲಿ ಕಳೆದವರೇ ಕಾಲಿಗೆ ನೀರು ಹಾಕಿಕೊಳ್ಳುವ ಮೊದಲು "ತೋಳು" ಎನ್ನುತ್ತಿದ್ದರು. ಜಿನಮತಿ ಸೆರಗು ಸರಿಸಿ ಎಡತೋಳು ಚಾಚುತ್ತಿದ್ದಳು. ತೋಳಿನ ಹಿಂಬದಿಗೆ ಐದು ರೂಪಾಯಿ ನಾಣ್ಯದಷ್ಟಗಲದ ಬಿಳಿ ಬಿಲ್ಲೆಯೊಂದು ಅಂಟಿಕೊಂಡಿತ್ತು. ಅದಕ್ಕೆ ಮೊಬೈಲು ಹಿಡಿದರೆ ಸಣ್ಣಗೆ ನಡುಗಿ ಒಂದು ಸಪ್ಪಳ ಮಾಡಿ, ಅಂದಿನ ಅವಳ ರಕ್ತದ ಸಕ್ಕರೆಯನ್ನೆಲ್ಲ ಒಂದು ಗೆರೆಯಾಗಿ ಎಳೆದು ತೋರಿಸುತ್ತಿತ್ತು.

"ನೋಡು, ಹತ್ತೂವರಿಕ್ಕ ಒಂದು ಗುಡ್ಡ. ನಾಕಕ್ಕ ಒಂದು ಗುಡ್ಡ. ಇಕಾ, ಈಗ ನಾ ಬರೂದ್ರಾಗ ಮತ್ತೊಂದು ಏರಾಕತ್ತೈತಿ. ಏನ್ ತಿಂದಿ?"

"ಏನೂ ತಿಂದಿಲ್ರಿ."

"ಹಂಗಾರ ಗುಡ್ಡ ತಾನ ಬೆಳೀತೇನು?"

"ನನಗೇನ್ ಗೊತ್ರಿ. ಕಬ್ಬ ಬೆಳಸೂ ಮಂದಿ ನಾವು. ಗುಡ್ಡ ಬೆಳಸೂದು ನನಗೆ ಯಾರೂ ಕಲಸಿಲ್ಲ."

ಆರು ವರ್ಷದ ಮೊಮ್ಮಗಳು ಆರ್ಯಾ "ಅಜ್ಜಿ ಗುಡ್ಡ, ಅಜ್ಜಿ ಗುಡ್ಡ" ಎಂದು ಅಂಗಳದ ತುಂಬ ಕುಣಿದಳು. ದಾದಾಸಾಹೇಬರು ನಗಲಿಲ್ಲ. ಅವರ ಪಾಲಿಗೆ ಅದು ನಗುವ ವಿಷಯವಾಗಿರಲಿಲ್ಲ. ನಿಜ ಹೇಳಬೇಕೆಂದರೆ ಜಿನಮತಿಯ ಪಾಲಿಗೂ ಆಗಿರಲಿಲ್ಲ.

ಏಕೆಂದರೆ ಅವಳು ಸಿಹಿ ಬಿಟ್ಟಿದ್ದಳು. ಚಾತುರ್ಮಾಸಕ್ಕೆ ಊರ ಬಸದಿಯಲ್ಲಿ ಇಳಿದುಕೊಂಡಿದ್ದ ಮುನಿ ಮಹಾರಾಜರ ಮುಂದೆ ನಿಂತು, ಕೈ ಜೋಡಿಸಿ, ನಾಲ್ಕು ತಿಂಗಳು ಸಕ್ಕರೆ, ಬೆಲ್ಲ, ಸಿಹಿ ಪದಾರ್ಥ ಯಾವುದೂ ಬೇಡವೆಂದು ತ್ಯಾಗ ಹಿಡಿದಿದ್ದಳು. ಬಾಸುಂದಿ ಎಂದರೆ ಪ್ರಾಣ ಬಿಡುವವಳು. ಗಾಣದ ಕಡೆ ಹೋದರೆ ಬಿಸಿ ಬೆಲ್ಲವನ್ನು ಕಬ್ಬಿನ ಸಿಪ್ಪೆಯ ಮೇಲೆ ಹಾಕಿಸಿಕೊಂಡು ನೆಕ್ಕದೆ ತಿರುಗಿ ಬಂದವಳಲ್ಲ. ಅಂಥವಳು ಎದ್ದು ನಿಂತಾಗ ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತ್ತು. ದಾದಾಸಾಹೇಬರಂತೂ ಮೈಕು ಇಸಿದುಕೊಂಡು, "ನಮ್ಮ ಮನಿಯವ್ರು ಸಿಹಿ ತ್ಯಾಗ ಮಾಡ್ಯಾರ" ಎಂದು ತಾವೇ ತ್ಯಾಗ ಮಾಡಿದವರ ಹಾಗೆ ಎರಡು ಸಲ ಹೇಳಿದ್ದರು.

ಆದರೆ ಜಿನಮತಿಗೆ ಆ ತ್ಯಾಗ ಬೇರೊಂದು ಕಾರಣಕ್ಕೆ ಹಿಡಿಸಿತ್ತು. ಐವತ್ತನಾಲ್ಕು ವರ್ಷದ ಬದುಕಿನಲ್ಲಿ ಅವಳು ತಾನಾಗಿ 'ಬೇಡ' ಎಂದು ಹೇಳಿದ ಮೊದಲ ಮಾತು ಅದು. ಯಾರ ಮನೆಯ ಕುಬುಸದ ಊಟಕ್ಕೆ ಹೋದರೂ, ಬಡಿಸುವವರು ಹೋಳಿಗೆ ಹಿಡಿದು ಬಂದರೂ, "ನನಗ ಬ್ಯಾಡ್ರಿ, ತ್ಯಾಗ ಐತಿ" ಎಂದರೆ ಸಾಕು, ಯಾರೂ ಒತ್ತಾಯ ಮಾಡುತ್ತಿರಲಿಲ್ಲ. ಅವಳ ಮಾತಿಗೆ ಅಷ್ಟು ತೂಕ ಹಿಂದೆಂದೂ ಬಂದಿರಲಿಲ್ಲ. ಈಗ ಈ ಬಿಲ್ಲೆ ಆ ಮಾತನ್ನೇ ಸುಳ್ಳು ಎನ್ನುತ್ತಿತ್ತು.

ಬಿಲ್ಲೆ ಬಂದದ್ದು ಸಂಶೋಧನೆಯವರಿಂದ. ನಿಪ್ಪಾಣಿಯ ಹುಡುಗಿ, ಡಾಕ್ಟರ್ ನಾಜಿಮಾ, ಮೂವತ್ತು ದಾಟಿರಲಿಲ್ಲ. ಈ ಸೀಮೆಯ ನಡುವಯಸ್ಸಿನ ಹೆಂಗಸರಿಗೆ ಸಕ್ಕರೆ ಬೇನೆ ಯಾಕೆ ಇಷ್ಟು ಸಲೀಸಾಗಿ ಬರುತ್ತದೆ ಎಂದು ಹುಡುಕುತ್ತಿದ್ದಳು. ಜೂನ್ ತಿಂಗಳಲ್ಲಿ ಊರ ಸಮುದಾಯ ಭವನದ ಒಂದು ಕೋಣೆಯಲ್ಲಿ ನಲವತ್ತು ಹೆಂಗಸರನ್ನು ಬರಿಹೊಟ್ಟೆಯಲ್ಲಿ ಕೂರಿಸಿ, ಬಂಗಾರ ತೂಗುವವರ ಹಾಗೆ ತಕ್ಕಡಿಯಲ್ಲಿ ತೂಗಿದ ಉಪ್ಪಿಟ್ಟು ತಿನ್ನಿಸಿ, ಎರಡು ಗಂಟೆಯಲ್ಲಿ ಆರು ಸಲ ರಕ್ತ ತೆಗೆದಿದ್ದಳು. ಕೆಲವು ದಿನಗಳ ಮೇಲೆ ಜಿನಮತಿಗೆ ತಿಳಿಸಿ ಹೇಳಿದ್ದಳು.

"ಹೊಟ್ಟಿ ಹಿಂದ ಒಂದು ಗ್ರಂಥಿ ಐತ್ರಿ ಅವ್ವಾರ. ನಾವು ಉಂಡಕೂಡ್ಲೆ ಕರುಳು ಅದಕ್ಕ ಹಾರ್ಮೋನ್ ಕಳಸಿ ಸುದ್ದಿ ಮುಟ್ಟಸ್ತೈತಿ, ಸಕ್ರಿ ಬರಾಕತ್ತೈತಿ, ಇನ್ಸುಲಿನ್ ಬಿಡು ಅಂತ. ನಿಮ್ಮ ಇನ್ಸುಲಿನ್ ಬರ್ತೈತಿ, ಆದ್ರ ತಡಾ ಮಾಡಿ ಬರ್ತೈತಿ. ಸಕ್ರಿ ಬ್ಯಾನಿ ಇನ್ನೂ ಆಗಿಲ್ಲ. ಗಡಿ ಮ್ಯಾಗ ಅದೀರಿ."

"ಕಾಗವಾಡ ಕಡೇವ್ರೆಲ್ಲಾ ಗಡಿ ಮ್ಯಾಗ ಅದೀವಿ ತಗಿ. ಆಕಡೆ ಕಾಲಿಟ್ರ ಮಹಾರಾಷ್ಟ್ರ" ಎಂದಿದ್ದಳು ಪಕ್ಕದಲ್ಲೇ ಕುಳಿತಿದ್ದ ಬೇಗಂಬಿ.

ಜಿನಮತಿಗೆ ಮಾತ್ರ ಆ ಗ್ರಂಥಿಯ ಮೇಲೆ ಸಿಟ್ಟೇನೂ ಬರಲಿಲ್ಲ. ಎಲ್ಲರದೂ ಆದ ಮೇಲೆ ಬರುವುದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಕೆಲಸ. ಅದೂ ಪಾಪ ಮನೆಯ ಸೊಸೆಯಂತೆ ಎಲ್ಲೋ ಒಳಗೆ ದುಡಿಯುತ್ತಿರಬೇಕು ಎಂದುಕೊಂಡಳು.

ಸಂಶೋಧನೆಯ ಎರಡನೆಯ ಪಾಳಿ ಈ ಬಿಲ್ಲೆ. ಹದಿನಾಲ್ಕು ದಿನ ತೋಳಿನ ಮೇಲಿರಬೇಕು, ತಿಂದದ್ದನ್ನೆಲ್ಲ ಒಂದು ವಹಿಯಲ್ಲಿ ಬರೆಯಬೇಕು. ಜಿನಮತಿಯ ಹತ್ತಿರ ಇದ್ದದ್ದು ಗುಂಡಿಯ ಫೋನು. ಹಾಗಾಗಿ ಗೆರೆ ತೋರಿಸುವ ಆ್ಯಪನ್ನು ದಾದಾಸಾಹೇಬರ ಮೊಬೈಲಿಗೆ ಹಾಕಿದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ತೋಳಿಗೆ ಹಿಡಿಯಿರಿ ಎಂದು ನಾಜಿಮಾ ಹೇಳಿದ್ದಳು. ಹೀಗೆ ಜಿನಮತಿಯ ಮೈಯೊಳಗಿನ ಸುದ್ದಿ ಅವಳಿಗಿಂತ ಮೊದಲು ಅವಳ ಗಂಡನ ಕಿಸೆಗೆ ಹೋಗತೊಡಗಿತು.

"ನೋಡು ಜಿನಮತಿ" ಎಂದರು ದಾದಾಸಾಹೇಬರು ಆ ಬುಧವಾರ, ಕಾಲು ತೊಳೆದು ಬಂದು ತಾಟಿನ ಮುಂದೆ ಕುಳಿತು. "ತಪ್ಪು ಎಲ್ಲಾರ್ದೂ ಆಗ್ತೈತಿ. ಬಾಯಿ ಚಪಲ. ಐತವಾರ ಬಸದಿಗೆ ಹೋಗೂಣು. ಮಹಾರಾಜ್ರ ಮುಂದ ಹೇಳಿ ಪ್ರಾಯಶ್ಚಿತ್ತ ತಗೊಂಡ್ರ ಮುಗದ ಹೋತು. ನಾನ ಹೇಳ್ತೀನಿ, ನೀ ಸುಮ್ನ ನಿಂದರು."

"ಮಾಡಲಾರದ ತಪ್ಪಿಗಿ ಏನ್ ಹೇಳ್ತೀರಿ?"

"ಮಷೀನ್ ಸುಳ್ಳ ಹೇಳ್ತೈತೇನು?" ಎಂದವರೇ ಶ್ರೀಖಂಡದ ಬಟ್ಟಲಿಗೆ ಬೆರಳು ಹಾಕಿದರು.

ಕೆಟ್ಟದ್ದೆಂದರೆ ಜಿನಮತಿಗೇ ಈಗ ಅನುಮಾನ ಹುಟ್ಟಿತ್ತು. ವಹಿಯನ್ನು ಮತ್ತೆ ಮತ್ತೆ ತಿರುವಿ ಹಾಕಿದ್ದಳು. ಬೆಳಿಗ್ಗೆ ಒಂದು ಜೋಳದ ರೊಟ್ಟಿ, ಸೊಪ್ಪಿನ ಪಲ್ಯ. ಮಧ್ಯಾಹ್ನ ಎರಡು ರೊಟ್ಟಿ, ಹೆಸರು ಬೇಳೆ. ಸಂಜೆ ಒಂದು ಚಪಾತಿ. ಚಹಾ ಸಕ್ಕರೆ ಇಲ್ಲದ್ದು. ಎಲ್ಲವೂ ಖರೆ. ಹಾಗಾದರೆ ಹತ್ತೂವರೆಗೆ ತಿಂದವರು ಯಾರು? ತನಗೆ ಗೊತ್ತಿಲ್ಲದೆ ತನ್ನ ಕೈ ಡಬ್ಬಿಯೊಳಗೆ ಹೋಗುತ್ತದೆಯೇ? ಗುರುವಾರ ಅವಳು ಬೆಲ್ಲದ ಡಬ್ಬಿಯ ಮುಚ್ಚಳಕ್ಕೆ ಹೊರಗಿನಿಂದ ಕುಂಕುಮದ ಗೆರೆ ಎಳೆದಿಟ್ಟಳು. ಸಂಜೆಯ ಹೊತ್ತಿಗೆ ಗೆರೆ ಇದ್ದಂತೆಯೇ ಇತ್ತು. ಗುಡ್ಡಗಳೂ ಇದ್ದಂತೆಯೇ ಇದ್ದವು.

ಸಂಜೆಯೇ ಹಿತ್ತಲ ಗೋಡೆಯ ಮೇಲಿನಿಂದ ಬೇಗಂಬಿಯನ್ನು ಕರೆದಳು. ಬೇಗಂಬಿಯದು ಬಳೆಗಳ ಅಂಗಡಿ, ಮೂವತ್ತು ವರ್ಷದ ನೆರೆ. ಅವಳ ತೋಳಿಗೂ ಒಂದು ಬಿಲ್ಲೆ ಇತ್ತು, ಆದರೆ ಅವಳ ಗೆರೆಯ ಬಗ್ಗೆ ಯಾವ ತಕರಾರೂ ಇರಲಿಲ್ಲ. ಬೇಗಂಬಿ ತಿಂದದ್ದನ್ನೆಲ್ಲ ಬರೆಯುತ್ತಿದ್ದಳು, 'ಜಿಲೇಬಿ ಎರಡು, ಆಮೇಲೆ ಮನಸ್ಸು ತಡೀಲಿಲ್ಲ, ಮತ್ತೊಂದು' ಎನ್ನುವ ತನಕ.

"ಒಂದು ದಿನ ನನ್ನ ಕಾಯ್ತಿಯೇನ ಬೇಗಂ?"

"ಕಾಯೂದಾ? ನೀ ಏನ್ ಎಮ್ಮಿಯೇನ ವೈನಿ?"

"ಚೇಷ್ಟಿ ಬ್ಯಾಡ. ನನ್ನ ಬಾಯಾಗ ಏನ್ ಹೋಗ್ತೈತಿ, ಎಷ್ಟ ಹೊತ್ತಿಗಿ ಹೋಗ್ತೈತಿ, ಎಲ್ಲಾ ಬರೀ. ಐತವಾರದ್ರಾಗ ನನಗ ಗೊತ್ತಾಗಬೇಕು. ನಾ ಸುಳ್ಳಾಕಿ ಆದ್ರ ಆಗ್ಲಿ, ಆದ್ರ ಗೊತ್ತಾಗಿ ಆಗ್ತೀನಿ."

ಗೆಳತಿಯ ದನಿ ಕೇಳಿ ಬೇಗಂಬಿ ನಗುವುದನ್ನು ನಿಲ್ಲಿಸಿದಳು.

ಮರುದಿನ ಶುಕ್ರವಾರ, ಬಳೆ ಅಂಗಡಿಗೆ ರಜೆ. ಬೆಳಿಗ್ಗೆ ಎಂಟಕ್ಕೆ ಬೇಗಂಬಿ ಒಂದು ಪ್ಲಾಸ್ಟಿಕ್ ಕುರ್ಚಿ, ಆರ್ಯಾಳ ಹಳೆಯ ನೋಟಬುಕ್ಕು, ಒಂದು ಮೋಟು ಪೆನ್ಸಿಲ್ ಹಿಡಿದು ಅಡುಗೆಮನೆಯ ಹಿತ್ತಲ ಬಾಗಿಲಲ್ಲಿ ಬಂದು ಕುಳಿತಳು. ದಾರ ಕಟ್ಟಿದ ಚಷ್ಮಾ ಮೂಗಿಗೇರಿಸಿ, ಗೋಡೆ ಗಡಿಯಾರವನ್ನೊಮ್ಮೆ, ಜಿನಮತಿಯ ಬಾಯನ್ನೊಮ್ಮೆ ನೋಡಿದಳು.

"ಹೂಂ. ಬಾಯಿ ತಗಿಯೂದಿದ್ರ ಹೇಳಿ ತಗಿ."

ಒಂಬತ್ತಾಯಿತು. ಸೊಸೆ ನೀಲಮ ಕಾಗವಾಡದ ಶಾಲೆಯಲ್ಲಿ ಶಿಕ್ಷಕಿ. ಮಗಳಿಗೆ ಶಿರಾ ತಿನ್ನಿಸಿ, ತಾನೂ ಗಡಬಡಿಸಿ ಎರಡು ತುತ್ತು ನುಂಗಿ, ಮಗಳನ್ನು ಎಳೆದುಕೊಂಡು ಬಸ್ಸಿಗೆ ಓಡಿದಳು. ಅವಳ ಗಂಡ ಸುಜಯ ಸಕ್ಕರೆ ಕಾರ್ಖಾನೆಯ ಪಾಳಿಗೆ ಹೋಗಿದ್ದ. ದಾದಾಸಾಹೇಬರು ನಾಷ್ಟಾ ಮುಗಿಸಿ, ತೋಳಿಗೆ ಮೊಬೈಲು ಹಿಡಿದು, "ಇಷ್ಟೊತ್ತನ ಚಲೋ ಐತಿ, ಕೆಡಸಬ್ಯಾಡ" ಎಂದು ಎಚ್ಚರಿಕೆ ಕೊಟ್ಟು ಹೊರಟರು. ಜಿನಮತಿ ದೇವರ ಪೂಜೆ ಮುಗಿಸಿ ತನ್ನ ರೊಟ್ಟಿ ತಿಂದಳು. ಬೇಗಂಬಿ ಬರೆದುಕೊಂಡಳು. ಆಮೇಲೆ ಜಿನಮತಿ ಮುಸುರೆಗೆ ಕುಳಿತಳು.

ಹತ್ತು ಗಂಟೆ ಹತ್ತು ನಿಮಿಷಕ್ಕೆ ಬೇಗಂಬಿ ಗಂಟಲು ಸರಿಮಾಡಿಕೊಂಡಳು.

"ವೈನಿ, ಏನ್ ಮಾಡಾಕತ್ತಿ?"

"ಕಾಣಸೂದಿಲ್ಲೇನ? ತಾಟು ತೊಳಿಯಾಕತ್ತೀನಿ."

"ಬಾಯಾಗ?"

ಜಿನಮತಿಯ ಕೈ ಗಾಳಿಯಲ್ಲೇ ನಿಂತಿತು. ಕೈಯಲ್ಲಿ ಆರ್ಯಾಳ ತಾಟು ಇತ್ತು. ಅದರಲ್ಲಿದ್ದ ಮೂರು ತುತ್ತು ಶಿರಾ ಆಗಲೇ ಇರಲಿಲ್ಲ. ಅಂಚಿಗಂಟಿದ ತುಪ್ಪ, ರವೆಗೆ ನೀರು ಹಾಕಿ, ಬೆರಳಿನಿಂದ ಸುತ್ತ ಬಳಿದು, ಆ ನೀರನ್ನೂ ಅರ್ಧ ಕುಡಿದಾಗಿತ್ತು.

"ಇದು... ತಾಟು ತೊಳಿಯೂದು" ಎಂದಳು. "ಎಂಜಲಾ ಹಂಗ ಬಿಟ್ರ ಎರಡು ಗಳಿಗಿಯೊಳಗ ಅದ್ರಾಗ ಜೀವ ಹುಟ್ತಾವ. ಬಚ್ಚಲಕ್ಕ ಚೆಲ್ಲಿದ್ರ ಅವು ಸಾಯ್ತಾವ. ಅದಕ್ಕ ತೊಳದ ಕುಡೀತೀವಿ. ನಿನಗ ಗೊತ್ತಿಲ್ಲೇನ?"

"ಗೊತ್ತೈತಿ. ಆದ್ರ ಅದು ತಿನ್ನೂದಲ್ಲೇನು?"

"ಅಲ್ಲ. ಅದು ತೊಳಿಯೂದು."

"ಆತು" ಎಂದು ಬೇಗಂಬಿ ಪೆನ್ಸಿಲಿನ ತುದಿ ನಾಲಿಗೆಗೆ ಮುಟ್ಟಿಸಿಕೊಂಡಳು. "ಹಂಗ ಬರೀತೀನಿ. ಶಿರಾ ತೊಳದಳು, ಮೂರು ತುತ್ತು."

ಆಮೇಲೆ ದಾದಾಸಾಹೇಬರ ಬಟ್ಟಲು ಬಂತು. ಅವರು ಯಾವ ಪದಾರ್ಥವನ್ನೂ ಪೂರ್ತಿ ಮುಗಿಸುವವರಲ್ಲ. ತಾಟಿನಲ್ಲಿ ತುಸು ಉಳಿಸಿ ಏಳುವುದೇ ಹಿರಿತನ ಎಂದು ಯಾವಾಗಲೋ ತಲೆಗೆ ಹೊಕ್ಕಿತ್ತು. ಬಟ್ಟಲ ತಳದಲ್ಲಿ ನಿನ್ನೆಯ ಶ್ರೀಖಂಡದ ಎರಡು ಚಮಚೆ ಇತ್ತು. ನೀಲಮಳ ಕಪ್ಪಿನಲ್ಲಿ ತಳಕ್ಕಿಳಿದ ಸಕ್ಕರೆಯ ಚಹಾ ಇತ್ತು. ಜಿನಮತಿ ಬಟ್ಟಲನ್ನೇ ನೋಡುತ್ತ ಕುಳಿತಳು. ನಂತರ ಅದನ್ನು ಕೆಳಗಿಟ್ಟು, ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಬೇಗಂಬಿ ಅಳು ಎಂದುಕೊಂಡು ಕುರ್ಚಿಯಿಂದೆದ್ದಳು. ಅಳುವಲ್ಲ, ನಗು. ಹೊಟ್ಟೆಯಿಂದ ಎದ್ದು ಭುಜ ಅಲುಗಾಡಿಸುವ ನಗು.

"ಬೇಗಂ, ನಾ ಕಳ್ಳೀನ ಸಿಕ್ಕಿಬಿಟ್ನೆಲ್ಲಾ! ಡಬ್ಬಿಗಿ ಕುಂಕುಮ ಹಚ್ಚಿ ಇಟ್ಟಿದ್ನಿ ಬೇ, ಬಾಯಿಗಿ ಹಚ್ಚಬೇಕಿತ್ತು!"

ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಗುತ್ತಲೇ ಜಿನಮತಿ, ಇವತ್ತೊಂದು ದಿನ ಎಂದಿನಂತೆಯೇ ನಡೆಯಲಿ ಎಂದು, ಬಟ್ಟಲನ್ನೂ ಕಪ್ಪನ್ನೂ ತೊಳೆದು ಕುಡಿದಳು. ನಗು ಇಳಿದ ಮೇಲೆ ಜಿನಮತಿ ಗೋಡೆಗೊರಗಿ ಕುಳಿತಳು. ನಾಲಿಗೆಯನ್ನು ಹಲ್ಲಿನ ಮೇಲೆ ಆಡಿಸಿ ನೋಡಿದಳು. ಏಲಕ್ಕಿಯ ವಾಸನೆ, ಸಿಹಿ, ಎಲ್ಲ ಇತ್ತು. ಇಷ್ಟು ದಿನ ಇದೇ ನಾಲಿಗೆ ಇದನ್ನು ರುಚಿ ಎಂದು ಒಮ್ಮೆಯೂ ಹೇಳಿರಲಿಲ್ಲ. ನೆಲ ಒರೆಸುವ ಬಟ್ಟೆಗೆ ನೆಲದ ರುಚಿ ಗೊತ್ತಾಗುತ್ತದೆಯೇ? ಬಾಸುಂದಿ ಬೇಕು ಬೇಕು ಎಂದು ಇದೇ ನಾಲಿಗೆ ಎರಡು ತಿಂಗಳಿಂದ ಹಂಬಲಿಸುತ್ತಿತ್ತು, ದಿನಾ ಬೆಳಿಗ್ಗೆ ಶ್ರೀಖಂಡ ನುಂಗುತ್ತಲೇ.

ಮದುವೆಯಾಗಿ ಬಂದ ಮೊದಲ ದಿನ ಅತ್ತೆ ಹೇಳಿದ್ದು ನೆನಪಾಯಿತು. "ಅವರವರ ತಾಟು ಅವರವರ ತೊಳದ ಕುಡೀಬೇಕ ನಮ್ಮ ಮನ್ಯಾಗ." ಅವರವರ ತಾಟು. ಆಗ ಮಾವ ಕುಡಿಯುತ್ತಿದ್ದರು, ದಾದಾಸಾಹೇಬರೂ ಕುಡಿಯುತ್ತಿದ್ದರು. ಮೀಸೆಯ ಮೇಲೆ ಹನಿ ನಿಂತಿರುತ್ತಿದ್ದುದು ಅವಳಿಗೆ ಚೆನ್ನಾಗಿ ನೆನಪಿತ್ತು, ಹೊಸ ಮದುಮಗಳು ಕದ್ದು ನೋಡುತ್ತಿದ್ದ ಮೀಸೆ. ಆಮೇಲೆ ಅಂಗಡಿಯಾಯಿತು, ಅವಸರವಾಯಿತು. ಒಂದು ದಿನ ಅವರು ತಾಟು ಬಿಟ್ಟು ಎದ್ದರು. ಅವಳು ಮಾತಾಡದೆ ಕುಡಿದಳು. ಮಗ ಅಪ್ಪನನ್ನು ನೋಡಿ ಬಿಟ್ಟ. ಸೊಸೆಗೆ ಬಸ್ಸು. ಒಬ್ಬೊಬ್ಬರ ಧರ್ಮವೂ ಒಂದೊಂದಾಗಿ ಸರಿದು ಬಂದು ಅವಳ ಹೊಟ್ಟೆ ಸೇರಿತ್ತು, ಅವಳಿಗೂ ಗೊತ್ತಾಗದ ಹಾಗೆ.

"ಹಂಗಾರ ಗುಡ್ಡದ ಗುಟ್ಟು ರಟ್ಟಾತು. ನಾ ಮನಿಗಿ ಹೋಗ್ಲ್ಯಾ?" ಎಂದಳು ಬೇಗಂಬಿ.

"ಕುಂಡರು. ನಾಕರ್ದು ಆರ್ಯಾ ಸಾಲಿಂದ ಬಂದಾಗಿಂದು ಇರಬೇಕು. ಐದೂವರಿದು ಇನ್ನೂ ಉಳದೈತಿ."

ನಾಲ್ಕರದ್ದು ಸರಿಹೋಯಿತು. ಆರ್ಯಾ ಬ್ರೆಡ್ಡಿಗೆ ಜಾಮು ಬಳಿದು ಅರ್ಧ ತಿಂದು ಓಡಿದಳು. ಜಿನಮತಿಯ ಕೈ ಆ ಅರ್ಧದ ಕಡೆಗೆ ತಾನಾಗಿ ಹೋದದ್ದನ್ನು ಅವಳೇ ನೋಡಿದಳು, ಬೇರೆ ಯಾರದೋ ಕೈ ನೋಡಿದಂತೆ. ಲೆಕ್ಕ ಕೆಡಬಾರದೆಂದು ಅಂದಿನ ಮಟ್ಟಿಗೆ ತಡೆಯಲಿಲ್ಲ. ನಾಲ್ಕೂವರೆಯ ಮೇಲೆ ಬಾಯಿಗೆ ನೀರನ್ನೂ ಹಾಕಲಿಲ್ಲ. ಚಪಾತಿ ಲಟ್ಟಿಸಿದಳು. ಬೇಗಂಬಿ ಕಣ್ಣು ಮಿಟುಕಿಸದೆ ಕುಳಿತಿದ್ದಳು. ಐದೂ ಇಪ್ಪತ್ತೆಂಟಕ್ಕೆ ಓಣಿಯ ಮೂಲೆಯಲ್ಲಿ ಬುಲೆಟ್ಟಿನ ಡುಗುಡುಗು ಕೇಳಿಸಿತು.

ದಾದಾಸಾಹೇಬರು ಒಳಗೆ ಬಂದರು. ಬೇಗಂಬಿಯನ್ನು ನೋಡಿ ಹುಬ್ಬೇರಿಸಿದರು. "ತೋಳು" ಎಂದರು.

ಹತ್ತೂವರೆ. ನಾಲ್ಕು. ಮತ್ತು ಹೊಸದಾಗಿ ತಲೆ ಎತ್ತುತ್ತಿದ್ದ ಮೂರನೆಯದು, ಬಾಣದ ಗುರುತಿನೊಡನೆ ಮೇಲಕ್ಕೆ.

"ಇಕಾ! ಈಗೇನ್ ತಿಂದಿ?"

"ಏನೂ ತಿಂದಿಲ್ಲಣ್ಣಾ" ಎಂದಳು ಬೇಗಂಬಿ. "ಮುಂಜಾನಿಂದ ನಾ ಇಲ್ಲೇ ಕುಂತೀನಿ. ನನ್ನ ನಡಾ ಸೆಟದ ಹೋಗೈತಿ."

"ನೀ ಅಕಿ ಗೆಳತಿ. ನಿನ್ನ ಸಾಕ್ಷಿ ನಡಿಯೂದಿಲ್ಲ."

"ಹಂಗಾರ ನಾಳೆ ಡಾಕ್ಟರ್‌ಬಾಯಿ ಬರ್ತಾಳ. ಅಕಿ ಮುಂದ ಓದ್ತೀನಿ. ಅಕೀದಾರ ನಡೀತೈತಿಲ್ಲ?"

ಶನಿವಾರ ಸಮುದಾಯ ಭವನದ ಕೋಣೆಯಲ್ಲಿ ನಾಜಿಮಾ ಮೇಜಿನ ಆಚೆ, ಈಚೆ ಗಂಡ ಹೆಂಡತಿ. ಬೇಗಂಬಿ ಮಾತ್ರ ನಿಂತುಕೊಂಡೇ, ಪಂಚಾಯ್ತಿಯಲ್ಲಿ ಠರಾವು ಓದುವವರ ಗತ್ತಿನಲ್ಲಿ ನೋಟಬುಕ್ಕು ಬಿಚ್ಚಿದಳು. ನಾಲ್ಕನೆಯ ಇಯತ್ತೆ ತನಕ ಕಲಿತ ಕನ್ನಡ, ಆದರೂ ಒಂದಕ್ಷರ ತೊದಲಲಿಲ್ಲ.

"ಹತ್ತೂ ಹತ್ತಕ್ಕ: ಆರ್ಯಾನ ಶಿರಾ ತೊಳದಳು, ಮೂರು ತುತ್ತು. ಮ್ಯಾಲೆ ಅದರ ನೀರು. ಹತ್ತೂ ಇಪ್ಪತ್ತಕ್ಕ: ಅಣ್ಣಾರ ಶ್ರೀಖಂಡ ತೊಳದಳು, ಎರಡು ಚಮಚಿ, ಆದ್ರ ನಕ್ಕೋತ. ಹತ್ತೂ ಇಪ್ಪತ್ತೈದಕ್ಕ: ನೀಲಮನ ಚಾ ತೊಳದಳು. ನಾಕು ಗಂಟೆಕ್ಕ: ಜಾಮ್ ಬ್ರೆಡ್ ತೊಳದಳು, ಅರ್ಧ."

ನಾಜಿಮಾಳ ತುಟಿ ನಡುಗಿತು, ಆದರೆ ಡಾಕ್ಟರು ನಗಬಾರದೆಂದು ಪೆನ್ನು ಕಚ್ಚಿಕೊಂಡಳು. ಲ್ಯಾಪ್‌ಟಾಪಿನಲ್ಲಿ ಗೆರೆ ತೆರೆದು, ಒಂದೊಂದೇ ಹೊತ್ತನ್ನು ಬೆರಳಿಟ್ಟು ತಾಳೆ ನೋಡಿದಳು.

"ಬರೋಬ್ಬರಿ ಕೂಡ್ತೈತಿ. ಅವ್ವಾರ, ನಾಲಿಗಿಗಿ ಇದು ತಿನಸು ಅಂತ ಗೊತ್ತಾಗಿಲ್ಲ. ಕರುಳಿಗಿ ಗೊತ್ತಾಗೇತಿ. ಅದು ಪ್ರತಿ ಸಲ ಸುದ್ದಿ ಕಳಸೇತಿ. ಗ್ರಂಥಿ ಮೊದಲ ತಡಾ ಮಾಡಿ ಏಳೂದು. ಅದಕ್ಕ ಪುರುಸೊತ್ತ ಕೊಡಲಾರದ ಎಬ್ಬಸಾಕತ್ತೀರಿ."

"ಅಂದ್ರ ಕಾರ್ಖಾನಿ ಗೇಟಿನಂಗ" ಎಂದಳು ಬೇಗಂಬಿ. "ಒಮ್ಮೆ ಸಾಲಾಗಿ ಕಬ್ಬಿನ ಗಾಡಿ ಬಂದ್ರ ತಗದ ಹಾಕಿ ಮುಗಸ್ತಾನ. ಹತ್ತತ್ತ ನಿಮಿಷಕ್ಕ ಒಂದೊಂದ ಬಂದು ಪೋಂ ಅಂದ್ರ ಗೇಟಿನಾಂವ ಏನ್ ಮಾಡ್ಬೇಕು?"

"ಹಂಗ ತಿಳ್ಕೋರಿ" ಎಂದಳು ನಾಜಿಮಾ.

ದಾದಾಸಾಹೇಬರು ಟೊಪ್ಪಿಗೆ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡಿದ್ದರು. ಎರಡು ಚಮಚೆ ಶ್ರೀಖಂಡ ಎಂದು ಓದಿದಾಗಿನಿಂದ ಅವರು ಟೊಪ್ಪಿಗೆಯ ಅಂಚನ್ನೇ ನೋಡುತ್ತಿದ್ದರು. ಆದರೂ ಸೋಲೊಪ್ಪುವ ಮನುಷ್ಯರಲ್ಲ.

"ಆತು. ಎರಡು ಗುಡ್ಡದ್ದು ತಿಳೀತು. ಐದೂವರಿದು? ಅದೇನ್ ತೊಳದಳು ಕೇಳ್ರಿ."

ಬೇಗಂಬಿ ಹಾಳೆ ತಿರುವಿ ಓದಿದಳು. "ಐದೂ ಇಪ್ಪತ್ತೆಂಟಕ್ಕ: ಅಣ್ಣಾರ ಫಟಫಟಿ ಸಪ್ಪಳಾತು. ವೈನಿ ಏನೂ ತಿನ್ನಲಿಲ್ಲ. ಲಟ್ಟಣಿಗಿ ಕೆಳಗ ಇಟ್ಟಳು. ಸೆರಗ ಸರಿ ಮಾಡ್ಕೊಂಡಳು. ಬಾಗಲ ಕಡೆ ನೋಡಿದಳು. ಉಸರ ಗಟ್ಟಿ ಹಿಡದಳು."

ಉಸಿರು ಹಿಡಿದದ್ದು ಜಿನಮತಿಗೇ ಗೊತ್ತಿರಲಿಲ್ಲ.

ನಾಜಿಮಾ ಹಿಂದಿನ ದಿನಗಳ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಳು. "ಹೋದ ಐತವಾರ ಐದೂವರಿಕ್ಕ ಏನೂ ಏರಿಲ್ಲ. ಅವತ್ತ ಏನಾಗಿತ್ರಿ?"

"ಅವತ್ತ ಇವ್ರು ಚಿಕ್ಕೋಡಿಗಿ ಲಗ್ನಕ್ಕ ಹೋಗಿದ್ರು" ಎಂದಳು ಜಿನಮತಿ. "ಮೊಬೈಲ್ ಮನ್ಯಾಗ ಬಿಟ್ಟಿದ್ರು, ನೀಲಮ ಹಿಡದಿದ್ಲು."

ನಾಜಿಮಾ ದನಿ ತಗ್ಗಿಸಿದಳು. ಎದುರಿಗಿದ್ದವರು ಅವಳ ತಂದೆಯ ವಯಸ್ಸಿನವರು.

"ಸಕ್ರಿ ಬಾಯಿಂದ ಅಷ್ಟ ಬರೂದಿಲ್ರಿ ಕಾಕಾ. ಯಕೃತ್ತಿನ್ಯಾಗ ಕೂಡಿಟ್ಟದ್ದೂ ಇರ್ತೈತಿ. ಮೈಗಿ ಅಂಜಿಕಿ ಆತಂದ್ರ ಬ್ಯಾರೆ ಹಾರ್ಮೋನ್ ಬರ್ತಾವ. ಓಡಬೇಕು ಇಲ್ಲಾ ಬಡದಾಡಬೇಕು, ಸಕ್ರಿ ಬಿಡು ಅಂತ ಹೇಳ್ತಾವ. ಹುಲಿ ಬಂದ್ರ ಹಂಗ ಆಗ್ತೈತಿ. ಪರೀಕ್ಷಿ ಹಾಲ್‌ನ್ಯಾಗೂ ಆಗ್ತೈತಿ. ಇದು ಅದ ಐತಿ ಅಂತ ಎರಡ ವಾರದ ಗೆರಿ ನೋಡಿ ನಾ ಖಾತ್ರಿ ಹೇಳಾಕ ಬರೂದಿಲ್ಲ. ಆದ್ರ ತಿಂದದ್ದಂತೂ ಅಲ್ಲ."

"ಹುಲಿ?" ಎಂದರು ದಾದಾಸಾಹೇಬರು.

"ಬುಲೆಟ್ ಹುಲಿ" ಎಂದಳು ಬೇಗಂಬಿ, ನೋಟಬುಕ್ಕಿನೊಳಗೆ ಮುಖ ಮರೆಸಿಕೊಂಡು.

ದಾದಾಸಾಹೇಬರು ಹೆಂಡತಿಯ ಕಡೆ ತಿರುಗಿದರು. "ನಾ ಬಂದ್ರ ನಿನಗ ಅಂಜಿಕಿ ಬರ್ತೈತಿ?"

ಬೇರೆ ದಿನವಾಗಿದ್ದರೆ ಅವಳು 'ಇಲ್ರಿ' ಎನ್ನುತ್ತಿದ್ದಳು. ಮೂವತ್ತೆರಡು ವರ್ಷ ಇಂಥ ಪ್ರಶ್ನೆಗೆಲ್ಲ ಅದೇ ಉತ್ತರ. ಈಗ ಲ್ಯಾಪ್‌ಟಾಪಿನ ಮೇಲೆ ಅವಳ ಮೈ ಬೇರೆ ಉತ್ತರ ಬರೆದಿಟ್ಟಿತ್ತು. ಇಲ್ಲ ಎಂದರೆ ನಿಜವಾಗಿಯೂ ಸುಳ್ಳಾಗುತ್ತಿತ್ತು.

"ನೀವು ಬರೂದಕ್ಕಲ್ರಿ" ಎಂದಳು ನಿಧಾನವಾಗಿ. "ತೋಳು ಅಂತೀರಲ್ಲ, ಅದಕ್ಕ."

ದಾದಾಸಾಹೇಬರು ಮನೆಗೆ ಬಂದರು. ಊಟ ಮಾಡಿ ಅಂಗಡಿಗೆ ಹೋದರು.

ಅಂದು ಸಂಜೆ ಐದೂವರೆಯಾಯಿತು. ಡುಗುಡುಗು ಕೇಳಿಸಲಿಲ್ಲ. ಐದೂ ಮೂವತ್ತೈದು. ಹೊತ್ತು ಇಳಿಯುತ್ತಿತ್ತು, ಚಪಾತಿ ಆರುತ್ತಿತ್ತು. ಜಿನಮತಿ ಲಟ್ಟಣಿಗೆ ಹಿಡಿದುಕೊಂಡೇ ಕಿಟಕಿಗೆ ಬಂದು ನೋಡಿದಳು. ಓಣಿಯ ಮೂಲೆಯಿಂದ ದಾದಾಸಾಹೇಬರು ಬುಲೆಟ್ಟನ್ನು ದಬ್ಬಿಕೊಂಡು ಬರುತ್ತಿದ್ದರು. ಗಾಡಿ ಭಾರಿ, ಓಣಿ ಏರು. ಟೊಪ್ಪಿಗೆ ಹಿಂದೆ ಸರಿದಿತ್ತು, ಹಣೆಯ ಬೆವರು ಮೂಗಿಗಿಳಿದಿತ್ತು.

"ಸಾಹುಕಾರ್ರ, ಎಣ್ಣಿ ತೀರೀತೇನ್ರಿ?" ಎಂದು ಕಟ್ಟೆಯ ಮೇಲಿನ ಕಾಡಸಿದ್ದ ಕೂಗಿದ.

"ಹೂಂ" ಎಂದರು ದಾದಾಸಾಹೇಬರು, ಆದಷ್ಟು ಮೆಲ್ಲಗೆ.

ಜಿನಮತಿ ಅವಸರದಿಂದ ಒಲೆಯ ಹತ್ತಿರ ಹೋಗಿ ಏನೂ ನೋಡದವಳಂತೆ ನಿಂತಳು. ಅವರು ಕಾಲು ತೊಳೆದು, ಮುಖ ಒರೆಸಿಕೊಂಡು ಬಂದರು. 'ತೋಳು' ಎನ್ನಲಿಲ್ಲ. ಕಿಸೆಯಿಂದ ಮೊಬೈಲು ತೆಗೆದು ಅವಳ ಮುಂದಿನ ಪೆಟ್ಟಿಗೆಯ ಮೇಲಿಟ್ಟರು.

"ನಿಂದು ನೀನ ನೋಡ್ಕೊ."

ಅವಳು ಬಲಗೈಯಿಂದ ಎಡತೋಳಿಗೆ ಹಿಡಿದಳು. ಅಷ್ಟು ಸಲೀಸಾದ ಕೆಲಸವೆಂದು ಅವಳಿಗೆ ಗೊತ್ತೇ ಇರಲಿಲ್ಲ. ಐದೂವರೆಯ ಜಾಗದಲ್ಲಿ ಗೆರೆ ಕಬ್ಬು ಕಡಿದ ಹೊಲದ ಹಾಗೆ ಸಮನಾಗಿತ್ತು. ಅವಳು ತೋರಿಸಲಿಲ್ಲ, ಅವರು ಕೇಳಲಿಲ್ಲ. ಊಟವಾದ ಮೇಲೆ ದಾದಾಸಾಹೇಬರು ಏಳಲು ಹೋಗಿ, ಮತ್ತೆ ಕುಳಿತು, ತಾಟಿಗೆ ನೀರು ಹಾಕಿಕೊಂಡರು. ಸುತ್ತ ಬೆರಳಾಡಿಸಿ, ಎತ್ತಿ ಕುಡಿದರು. ಆರ್ಯಾ ಬಾಯಿ ತೆರೆದು ನೋಡಿದಳು. ಮೀಸೆ ಈಗ ಬೆಳ್ಳಗಾಗಿತ್ತು, ಹನಿ ಮಾತ್ರ ಅದೇ ಜಾಗದಲ್ಲಿ ನಿಂತಿತ್ತು. ನೀಲಮ ಮಗಳ ತಾಟನ್ನು ಅತ್ತೆಯ ಕೈಯಿಂದ ಇಸಿದುಕೊಂಡು ಮಗಳ ಮುಂದೆಯೇ ಇಟ್ಟಳು.

ಭಾನುವಾರ ಬಸದಿಗೆ ಹೋದರು. "ನಾನ ಹೇಳ್ತೀನಿ" ಎಂದು ದಾದಾಸಾಹೇಬರು ಈ ಸಲ ಅನ್ನಲಿಲ್ಲ. ಜಿನಮತಿಯೇ ಕೈ ಜೋಡಿಸಿ ಹೇಳಿದಳು: ತಿಳಿಯದೆ ತ್ಯಾಗ ಮುರಿದಿದೆ, ಹೀಗೆ ಹೀಗೆ ಮುರಿದಿದೆ, ಲೆಕ್ಕಕ್ಕೆಂದು ಒಂದು ದಿನ ತಿಳಿದೂ ಮುರಿದಿದೆ, ಆದರೆ ನಾನು ಸುಳ್ಳು ಹೇಳಿರಲಿಲ್ಲ. ಮಹಾರಾಜರು ಪೂರ್ತಿ ಕೇಳಿದರು. ಅವಳಿಗೆ ಒಂದು ದಿನದ ಒಪ್ಪೊತ್ತು ಕೊಟ್ಟು, ತ್ಯಾಗ ಮುಂದುವರಿಸು ಎಂದರು. ಆಮೇಲೆ, "ಎಂಜಲ ಬಿಟ್ಟವ್ರು ಯಾರು?" ಎಂದು ಕೇಳಿದರು. ದಾದಾಸಾಹೇಬರು ಹೆಂಗಸರ ಸಾಲಿನ ಕಡೆ ಒಮ್ಮೆ ನೋಡಿ, ಮೈಕಿನ ಕಡೆ ನೋಡದೆ, ಕೈ ಎತ್ತಿದರು. ಅವರಿಗೆ ಚಾತುರ್ಮಾಸ ಮುಗಿಯುವ ತನಕ ತಾಟು ತೊಳೆದು ಕುಡಿಯುವ ನಿಯಮ ಸಿಕ್ಕಿತು.

ಸೋಮವಾರ ಬೆಳಿಗ್ಗೆ ಹದಿನಾಲ್ಕು ದಿನ ತುಂಬಿತು. ನಾಜಿಮಾ ಬಂದು ಬಿಲ್ಲೆ ಕಿತ್ತು ಡಬ್ಬಿಗೆ ಹಾಕಿಕೊಂಡು ಹೋದಳು. ತೋಳಿನ ಮೇಲೆ ಬಿಲ್ಲೆಯಷ್ಟಗಲ ಕೆಂಪು ಗುರುತು ಉಳಿಯಿತು. ಇನ್ನು ಗೆರೆಯಿಲ್ಲ, ಗುಡ್ಡವಿಲ್ಲ. ಇನ್ನು ಬುಲೆಟ್ಟು ಡುಗುಡುಗು ಎಂದು ಬಾಗಿಲ ತನಕ ಬಂದೀತು, ಅಳೆಯುವವರು ಯಾರಿದ್ದಾರೆ ಈಗ ಎಂದುಕೊಂಡು ಜಿನಮತಿ ಸಂಜೆಯ ಕಣಕ ಕಲೆಸಿದಳು.

ಐದೂವರೆಗೆ ಮೂಲೆಯಲ್ಲಿ ಡುಗುಡುಗು ಕೇಳಿಸಿತು. ಅವಳ ಕೈ ನಿಂತಿತು.

ಅಲ್ಲಿಯೇ ಮೂಲೆಯಲ್ಲಿ ಸಪ್ಪಳವೂ ನಿಂತಿತು. ಆಮೇಲೆ ಬರೀ ಗಾಲಿ ಉರುಳುವ ಸದ್ದು, ಚಪ್ಪಲಿ ಎಳೆಯುವ ಸದ್ದು, ಕಾಡಸಿದ್ದನ ದನಿ.

"ಸಾಹುಕಾರ್ರ, ಇವತ್ತೂ ತೀರೀತೇನ್ರಿ? ಟಾಂಕಿ ಸೋರ್ತಿರಬೇಕ ನೋಡಸ್ರಿ."

ಹಿತ್ತಲ ಗೋಡೆಯಾಚೆ ಬೇಗಂಬಿ ಖೊಕ್ಕೆಂದು ನಕ್ಕದ್ದು ಕೇಳಿಸಿತು. ಜಿನಮತಿ ಕಣಕದ ಕೈಯಲ್ಲೇ ತಲಬಾಗಿಲಿಗೆ ಬಂದು ನಿಂತಳು.

"ಹತ್ತಿ ಬರ್ರಿ" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. "ಎಣ್ಣಿ ಐತಿ ಅದ್ರಾಗ."

ದಾದಾಸಾಹೇಬರು ತಲೆ ಎತ್ತಿ ನೋಡಿದರು. ಗಾಡಿ ಹತ್ತಲಿಲ್ಲ. ಉಳಿದ ಹತ್ತು ಮಾರು ದೂರವನ್ನೂ ಏದುಸಿರು ಬಿಡುತ್ತ ದಬ್ಬಿಕೊಂಡೇ ಬಂದರು.